ಟೈಮ್‌ಔಟ್ ಆಗಿದ್ದು ಯಾರ ಗಡಿಯಾರದಲ್ಲಿ? ದೂರದ ಸರ್ವರ್‌ನ ಹಿನ್ನೆಲೆ ಜಾಬ್‌ಗಳ ದೋಷ ಪತ್ತೆ

ಬೆಳಿಗ್ಗೆ ಮೇಲ್ ತೆರೆದರೆ ಒಂದೇ ಸಾಲು: ‘ರಾತ್ರಿಯ ಜಾಬ್ ಟೈಮ್‌ಔಟ್ ಆಗಿದೆ.’ ಯಾರೂ ಎದುರಿಗೆ ಕೂರದೆ ಸರ್ವರ್‌ನಲ್ಲಿ ತಾನೇ ಓಡುವ ಆ ಪ್ರೋಗ್ರಾಂ ಎಲ್ಲಿಯವರೆಗೆ ಓಡಿತು, ಎಲ್ಲಿ ನಿಂತಿತು, ಈಗ ಸತ್ತಿದೆಯೋ ಬದುಕಿದೆಯೋ, ಏನೂ ಇಲ್ಲ. ಇಂಥ ಮೇಲ್ ಬಂದ ತಕ್ಷಣ ಕೈ ಹೋಗುವುದು ‘ಮತ್ತೆ ಓಡಿಸು’ ಬಟನ್ ಕಡೆಗೆ. ಅದನ್ನು ಒತ್ತುವ ಮೊದಲು ದಯವಿಟ್ಟು ಇದನ್ನು ಓದಿ.

ನಾನು ಒಮ್ಮೆ ಒತ್ತಿಬಿಟ್ಟಿದ್ದೆ. ಶೆಡ್ಯೂಲರ್ (ಹೊತ್ತಿಗೆ ಸರಿಯಾಗಿ ಜಾಬ್ ಶುರು ಮಾಡುವ ಪ್ರೋಗ್ರಾಂ) ಇದ್ದ ಮೆಷಿನ್‌ನಿಂದ ಎಸ್‌ಎಸ್‌ಎಚ್ (ದೂರದ ಮೆಷಿನ್‌ನಲ್ಲಿ ಕಮಾಂಡ್ ಓಡಿಸುವ ಸುರಕ್ಷಿತ ಕನೆಕ್ಷನ್) ಮೂಲಕ ಬೇರೆ ಸರ್ವರ್‌ನಲ್ಲಿ ಓಡುತ್ತಿದ್ದ ಜಾಬ್ ಅದು. ದಿನದ ವಹಿವಾಟುಗಳನ್ನು ಕೂಡಿಸಿ ಒಂದು ಟೇಬಲ್‌ಗೆ ಬರೆಯುತ್ತಿತ್ತು. 10 ನಿಮಿಷಕ್ಕೆ ಟೈಮ್‌ಔಟ್ ಅಂತ ಮೇಲ್ ಬಂತು. ನಾನು ಇನ್ನೊಮ್ಮೆ ಓಡಿಸಿದೆ. ಆದರೆ ಮೊದಲನೆಯದು ಸತ್ತಿರಲಿಲ್ಲ. ಆ ಸರ್ವರ್‌ನಲ್ಲಿ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ಎರಡೂ ಸೇರಿ ಒಂದೇ ಟೇಬಲ್‌ಗೆ ಬರೆದವು. ಎಷ್ಟೋ ಸಾಲುಗಳು ಎರಡೆರಡು ಬಾರಿ ಕೂತವು. ಯಾವ ಸಾಲು ಯಾವ ಓಟದ್ದು ಅಂತ ಗುರುತೇ ಇರಲಿಲ್ಲ. ಬಿಡಿಸಿ ಸರಿ ಮಾಡಲು ಎರಡು ದಿನ ಹಿಡಿಯಿತು.

ಅವತ್ತು ನನಗೆ ಅರ್ಥವಾಗಿದ್ದು ಇಷ್ಟು: ಟೈಮ್‌ಔಟ್ ಅಂದರೆ ಯಾರೋ ಒಬ್ಬರು ಕಾಯುವುದನ್ನು ಬಿಟ್ಟರು ಅಂತ. ಕೆಲಸ ಏನಾಯಿತು ಅನ್ನುವುದು ಬೇರೆಯೇ ಪ್ರಶ್ನೆ. ಹಾಗಾಗಿ ಪ್ರತಿ ಸಲವೂ ಎರಡು ವಿಷಯ ಹುಡುಕಬೇಕು. ಯಾರು ಕಾಯುವುದನ್ನು ಬಿಟ್ಟರು? ಆಮೇಲೆ ಜಾಬ್‌ನ ಗತಿ ಏನಾಯಿತು? ಇದರಲ್ಲಿ ಎರಡನೆಯದನ್ನೇ ಮೊದಲು ನೋಡಿ.

ಜಾಬ್ ಇನ್ನೂ ಬದುಕಿದೆಯಾ?

ಸರ್ವರ್‌ಗೆ ಲಾಗಿನ್ ಆಗಿ ಪಿಎಸ್ ಕಮಾಂಡ್ ಕೊಡಿ. ಓಡುತ್ತಿರುವ ಪ್ರೋಗ್ರಾಂಗಳ, ಅಂದರೆ ಪ್ರಾಸೆಸ್‌ಗಳ, ಪಟ್ಟಿ ಬರುತ್ತದೆ. ಸುಮ್ನೆ ಹೆಸರು ಹುಡುಕಿದರೆ ಸಾಲದು. ಪಿಐಡಿ (ಪ್ರಾಸೆಸ್‌ನ ಸಂಖ್ಯೆ), ಪಿಪಿಐಡಿ (ಅದರ ತಾಯಿ ಪ್ರಾಸೆಸ್‌ನ ಸಂಖ್ಯೆ), ಇಟೈಮ್, ಸ್ಟ್ಯಾಟ್ (ಸ್ಥಿತಿ), ಡಬ್ಲ್ಯುಚಾನ್ (ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಳಗೆ ಎಲ್ಲಿ ಕಾಯುತ್ತಿದೆ) ಮತ್ತು ಪೂರ್ತಿ ಕಮಾಂಡ್ ಸಾಲು, ಈ ಕಾಲಂಗಳನ್ನು ಕೇಳಿ ತೆಗೆದುಕೊಳ್ಳಿ.

ಇಟೈಮ್ ಅಂದರೆ ಪ್ರಾಸೆಸ್ ಶುರುವಾಗಿ ಎಷ್ಟು ಹೊತ್ತಾಯಿತು ಅನ್ನುವುದು. ಅಲ್ಲಿ 02:13:45 ಅಂತಿದ್ದರೆ 2 ಗಂಟೆ 13 ನಿಮಿಷ. 1-02:13:45 ಅಂತಿದ್ದರೆ ಅದರ ಮೇಲೆ ಒಂದು ದಿನ. ನಿನ್ನೆಯ ಜಾಬ್ ಇನ್ನೂ ಕೂತಿರುವುದು ಹೀಗೆಯೇ ಕಣ್ಣಿಗೆ ಬೀಳುತ್ತದೆ. ಪಿಪಿಐಡಿ 1 ಆಗಿದ್ದರೆ ಸಾಮಾನ್ಯವಾಗಿ ಅದನ್ನು ಶುರು ಮಾಡಿದ ಪ್ರಾಸೆಸ್ ಹೋಗಿಬಿಟ್ಟಿದೆ, ಮಗು ಅನಾಥವಾಗಿ ಓಡುತ್ತಿದೆ ಅಂತ ಅರ್ಥ. ನನ್ನ ಆ ರಾತ್ರಿಯ ಜಾಬ್ ಹೀಗೇ ಇತ್ತು. ನೋಡಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಸ್ಟ್ಯಾಟ್ ಕಾಲಂನ ಒಂದೊಂದು ಅಕ್ಷರವೂ ಒಂದೊಂದು ಕಥೆ. ‘ಆರ್’ ಇದ್ದರೆ ಸಿಪಿಯು ಮೇಲೆ ನಿಜವಾಗಿ ಕೆಲಸ ನಡೆದಿದೆ, ಅಥವಾ ಅದಕ್ಕೆ ಸರದಿಯಲ್ಲಿದೆ. ‘ಎಸ್’ ಇದ್ದರೆ ಯಾವುದಕ್ಕೋ ಕಾಯುತ್ತಿದೆ. ‘ಡಿ’ ಇದ್ದರೆ ಹುಷಾರು. ಡಿಸ್ಕ್‌ಗೋ ಎನ್‌ಎಫ್‌ಎಸ್ ಮೌಂಟ್‌ಗೋ (ನೆಟ್‌ವರ್ಕ್ ಮೂಲಕ ಜೋಡಿಸಿದ ಡಿಸ್ಕ್) ಕಾಯುತ್ತಾ ಕರ್ನಲ್ ಒಳಗೆ ಸಿಕ್ಕಿಕೊಂಡಿದೆ. ಆ ಕಾಯುವಿಕೆ ಮುಗಿಯುವ ತನಕ ಬಲವಂತವಾಗಿ ಕೊಲ್ಲುವ ‘ಕಿಲ್ -9’ ಕಮಾಂಡ್ ಕೊಟ್ಟರೂ ಸಾಮಾನ್ಯವಾಗಿ ಅಲುಗಾಡುವುದಿಲ್ಲ. ಮತ್ತೆ ಮತ್ತೆ ಕಿಲ್ ಕೊಡುವುದನ್ನು ಬಿಟ್ಟು ಸ್ಟೋರೇಜ್ ಕಡೆ ನೋಡಿ. ‘ಝಡ್’ ಅಂದರೆ ಪ್ರಾಸೆಸ್ ಮುಗಿದಿದೆ, ಅದರ ಎಕ್ಸಿಟ್ ಕೋಡ್ (ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ) ಅನ್ನು ತಾಯಿ ಪ್ರಾಸೆಸ್ ಇನ್ನೂ ಕೇಳಿ ಪಡೆದಿಲ್ಲ. ಹೀಗಿದ್ದರೆ ತಪ್ಪು ಇರುವುದು ಜಾಬ್‌ನಲ್ಲಲ್ಲ, ಅದನ್ನು ನೋಡಿಕೊಳ್ಳಬೇಕಾದ ಪ್ರೋಗ್ರಾಂನಲ್ಲಿ.

‘ಟಿ’ ಕಂಡರೆ ಜಾಬ್ ನಿಂತು ಕೂತಿದೆ. ಟರ್ಮಿನಲ್‌ನಿಂದ ಹಿನ್ನೆಲೆಗೆ ತಳ್ಳಿದ ಜಾಬ್ ಕೀಬೋರ್ಡ್‌ನಿಂದ ಓದಲು ಹೋದರೆ ಹೀಗಾಗುತ್ತದೆ. ‘ಹೌದೋ ಅಲ್ಲವೋ’ ಅಂತ ಸ್ಕ್ರಿಪ್ಟ್ ಎಲ್ಲೋ ಕೇಳಿರುತ್ತದೆ, ಉತ್ತರ ಕೊಡಲು ಅಲ್ಲಿ ಯಾರೂ ಇರುವುದಿಲ್ಲ. ಹಿನ್ನೆಲೆ ಜಾಬ್‌ಗಳ ಇನ್‌ಪುಟ್ ಅನ್ನು ಯಾವಾಗಲೂ ‘ಡೆವ್ ನಲ್’ ಅನ್ನುವ ಖಾಲಿ ಫೈಲ್‌ಗೆ ಕಟ್ಟಿಬಿಡಿ. ಆಗ ಅಂಥ ಪ್ರಶ್ನೆ ಬಂದ ಕೂಡಲೇ ಜಾಬ್ ಸಾಮಾನ್ಯವಾಗಿ ಎರರ್ ಕೊಟ್ಟು ಬೀಳುತ್ತದೆ. ರಾತ್ರಿಯಿಡೀ ಕಾಯುವುದಕ್ಕಿಂತ ಅದು ಎಷ್ಟೋ ಮೇಲು.

ಯಾರ ಗಡಿಯಾರ?

ಒಂದು ಹಿನ್ನೆಲೆ ಜಾಬ್ ಸುತ್ತ ಎಷ್ಟು ಗಡಿಯಾರಗಳು ಓಡುತ್ತಿರುತ್ತವೆ ಅಂತ ಲೆಕ್ಕ ಹಾಕಿ ನೋಡಿ, ಆಶ್ಚರ್ಯವಾಗುತ್ತದೆ. ಕರೆದವರ ಕಡೆ ಒಂದು, ಮಧ್ಯದಲ್ಲಿ ಕೋರಿಕೆಗಳನ್ನು ದಾಟಿಸುವ ಪ್ರಾಕ್ಸಿಯಲ್ಲಿ ಒಂದು, ಆ್ಯಪ್ ಸರ್ವರ್‌ನಲ್ಲಿ ಒಂದು, ಜಾಬ್‌ಗಳನ್ನು ಸರದಿಯಲ್ಲಿಡುವ ಕ್ಯೂನಲ್ಲಿ ಒಂದು, ಡೇಟಾಬೇಸ್‌ನಲ್ಲಿ ಎರಡು ಮೂರು. ಇವು ಒಂದಕ್ಕೊಂದು ಮಾತಾಡುವುದಿಲ್ಲ. ಒಂದರ ಸಮಯ ಮುಗಿದರೆ ಉಳಿದವಕ್ಕೆ ಗೊತ್ತೇ ಆಗುವುದಿಲ್ಲ.

ಯಾವುದು ಮುಗಿದಿದೆ ಅಂತ ಕಂಡುಹಿಡಿಯಲು ನಾನು ಮೊದಲು ನೋಡುವುದು ಅವಧಿಯನ್ನು. ಶುರುವಾದ ಹೊತ್ತಿನಿಂದ ಎರರ್ ಬಂದ ಹೊತ್ತಿನವರೆಗೆ ಎಷ್ಟು ಸೆಕೆಂಡ್? ಕಳೆದ ನಾಲ್ಕೈದು ಸಲ ಎಷ್ಟಿತ್ತು? ಪ್ರತಿ ಸಲವೂ ಸರಿಯಾಗಿ 60 ಅಥವಾ 90 ಬರುತ್ತಿದ್ದರೆ ಅದು ಯಾರೋ ಇಟ್ಟ ಮಿತಿ. ಒಮ್ಮೆ 47, ಒಮ್ಮೆ 212 ಅಂತ ಏರುಪೇರಾಗುತ್ತಿದ್ದರೆ ಕಾರಣ ಬೇರೆ ಇರಬಹುದು: ಮೆಮೊರಿ, ನೆಟ್‌ವರ್ಕ್, ಯಾರೋ ಮಾಡಿದ ರೀಸ್ಟಾರ್ಟ್.

ಕೆಲವು ಡೀಫಾಲ್ಟ್ (ನಾವು ಬದಲಿಸದಿದ್ದರೆ ಇರುವ) ಸಂಖ್ಯೆಗಳು ನೆನಪಿದ್ದರೆ ಹುಡುಕಾಟ ಬೇಗ ಮುಗಿಯುತ್ತದೆ. 30 ಸೆಕೆಂಡ್ ಕಂಡರೆ ಪೈಥಾನ್ ಆ್ಯಪ್ ಓಡಿಸುವ ಗುನಿಕಾರ್ನ್ ಸರ್ವರ್ ನೆನಪಿಸಿಕೊಳ್ಳಿ. ಅದು ಕೆಲಸ ಮಾಡುವ ಪ್ರಾಸೆಸ್, ಅಂದರೆ ವರ್ಕರ್ ಅನ್ನೇ ಕೊಂದು ಲಾಗ್‌ನಲ್ಲಿ ‘ವರ್ಕರ್ ಟೈಮ್‌ಔಟ್’ ಅಂತ ಬರೆಯುತ್ತದೆ. 60 ಸೆಕೆಂಡ್ ಕಂಡರೆ ಎನ್‌ಜಿನ್‌ಎಕ್ಸ್ ಅನ್ನುವ ಪ್ರಾಕ್ಸಿ. ಅದು ಬ್ರೌಸರ್‌ಗೆ 504 (ಗೇಟ್‌ವೇ ಟೈಮ್‌ಔಟ್) ಎರರ್ ಕೊಡುತ್ತದೆ, ತನ್ನ ಎರರ್ ಲಾಗ್‌ನಲ್ಲಿ ‘ಅಪ್‌ಸ್ಟ್ರೀಮ್ ಟೈಮ್ಡ್ ಔಟ್’ ಅಂತ 110 ಸಂಖ್ಯೆಯ ಜೊತೆ ಬರೆಯುತ್ತದೆ. ಇವೆರಡರ ಫರಕು ದೊಡ್ಡದು. ಗುನಿಕಾರ್ನ್ ಕೈಬಿಟ್ಟರೆ ಕೆಲಸವೂ ಸತ್ತಿದೆ. ಎನ್‌ಜಿನ್‌ಎಕ್ಸ್ ಕೈಬಿಟ್ಟರೆ ಹಿಂದಿನ ಆ್ಯಪ್ ಇನ್ನೂ ದುಡಿಯುತ್ತಿರಬಹುದು. 50 ಸೆಕೆಂಡ್ ಆದ ಮೇಲೆ 1205 ಎರರ್ ಬಂದರೆ ಅದು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಸ್ಟೋರೇಜ್ ಎಂಜಿನ್‌ನಲ್ಲಿ, ಬೇರೆಯವರು ಹಿಡಿದ ಸಾಲಿನ ಲಾಕ್‌ಗೆ ಕಾಯುವ ಮಿತಿ. 90 ಸೆಕೆಂಡ್ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯದು: ಸರ್ವಿಸ್ ಶುರುವಾಗಲೂ ನಿಲ್ಲಲೂ ಅದು ಅಷ್ಟು ಹೊತ್ತು ಕಾಯುತ್ತದೆ. ಆದರೆ ಒಂದು ಸಲ ಓಡಿ ಮುಗಿಯುವ ‘ಒನ್‌ಶಾಟ್’ ಬಗೆಯ ಸರ್ವಿಸ್‌ಗೆ ಶುರುವಿನ ಮಿತಿ ಡೀಫಾಲ್ಟ್ ಆಗಿ ಇಲ್ಲವೇ ಇಲ್ಲ. ಟೈಮರ್‌ನಿಂದ ಓಡಿಸುವ ಜಾಬ್‌ಗಳು ಜಾಸ್ತಿ ಇದೇ ಬಗೆಯವು. ಒಟ್ಟು ಓಟಕ್ಕೆ ಮಿತಿ ಇಡುವ ‘ರನ್‌ಟೈಮ್‌ಮ್ಯಾಕ್ಸ್‌ಸೆಕ್’ ಹಾಕಿದ್ದೇನೆ ಅಂತ ನಿಶ್ಚಿಂತೆಯಿಂದ ಇದ್ದರೆ ಮೋಸ ಹೋಗುತ್ತೀರಿ. ಒನ್‌ಶಾಟ್‌ಗೆ ಅದು ಲಾಗುವಾಗುವುದಿಲ್ಲ. ‘ಟೈಮ್‌ಔಟ್‌ಸ್ಟಾರ್ಟ್‌ಸೆಕ್’ ಅನ್ನೇ ಹಾಕಬೇಕು.

ನೆಟ್‌ವರ್ಕ್ ಕಡೆಯ ಗಡಿಯಾರ ಇನ್ನೂ ಕಿರಿಕಿರಿ, ಯಾಕಂದರೆ ಅದು ಸದ್ದಿಲ್ಲದೆ ಕತ್ತರಿಸುತ್ತದೆ. ಅಮೆಜಾನ್ ಕ್ಲೌಡ್‌ನ ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್‌ಗಳನ್ನು ಹೊರಗಿನ ನೆಟ್‌ವರ್ಕ್‌ಗೆ ಜೋಡಿಸುವ ದಾರಿ) ಮೂಲಕ ಹೋದ ಕನೆಕ್ಷನ್‌ನಲ್ಲಿ 350 ಸೆಕೆಂಡ್ ಏನೂ ಓಡಾಡದಿದ್ದರೆ ಅದು ಆ ಕನೆಕ್ಷನ್ ಅನ್ನು ಮರೆತುಬಿಡುತ್ತದೆ. ಇತ್ತ ಲಿನಕ್ಸ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ (ಕನೆಕ್ಷನ್ ಬದುಕಿದೆಯಾ ಅಂತ ಆಗಾಗ ತಟ್ಟಿ ನೋಡುವುದು) ಆನ್ ಇದ್ದರೂ ಅದರ ಮೊದಲ ತಪಾಸಣೆ ಡೀಫಾಲ್ಟ್ ಆಗಿ 7200 ಸೆಕೆಂಡ್ ಆದ ಮೇಲೆ. ಅಂದರೆ ಪೂರ್ತಿ 2 ಗಂಟೆ. ಈ ಮಧ್ಯೆ ನಿಮ್ಮ ಜಾಬ್ ಡೇಟಾಬೇಸ್‌ನ ಉತ್ತರಕ್ಕೆ ಕಾಯುತ್ತಾ ಕೂತಿರುತ್ತದೆ. ಉತ್ತರ ಬರುವ ದಾರಿಯೇ ಮುಚ್ಚಿರುತ್ತದೆ. ಎಸ್‌ಎಸ್‌ಎಚ್‌ನಲ್ಲಾದರೆ ‘ಸರ್ವರ್‌ಅಲೈವ್‌ಇಂಟರ್ವಲ್’ 60 ಅಂತ ಇಡಿ. ಡೇಟಾಬೇಸ್ ಕನೆಕ್ಷನ್‌ಗೂ ಕೀಪ್‌ಅಲೈವ್ ಆನ್ ಮಾಡಿ, ಅದರ ಅವಧಿಯನ್ನು 350ಕ್ಕಿಂತ ಕಡಿಮೆ ಮಾಡಿ.

ಎಕ್ಸಿಟ್ ಕೋಡ್ ಓದುವುದು

ನನ್ನ ಆ ಜಾಬ್‌ನ ಮೂಲ ತಪ್ಪು ಇಲ್ಲಿತ್ತು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಲಿನಕ್ಸ್‌ನ ‘ಟೈಮ್‌ಔಟ್’ ಕಮಾಂಡ್ ಸಮಯ ಮುಗಿದರೆ 124 ಕೊಡುತ್ತದೆ. ನಾವು ಬರೆದದ್ದು ಹೀಗಿತ್ತು: ಮೊದಲು ‘ಟೈಮ್‌ಔಟ್ 600’, ಆಮೇಲೆ ‘ಎಸ್‌ಎಸ್‌ಎಚ್’, ಆಮೇಲೆ ಸರ್ವರ್ ಹೆಸರು, ಕೊನೆಗೆ ಜಾಬ್. 600 ಸೆಕೆಂಡ್ ಆದ ಮೇಲೆ ಟೈಮ್‌ಔಟ್ ಯಾರನ್ನು ಕೊಂದಿತು? ನಮ್ಮ ಕಡೆಯ ಎಸ್‌ಎಸ್‌ಎಚ್ ಅನ್ನು. ಆ ಕಡೆಯ ಜಾಬ್‌ಗೆ ಅದರ ಸುದ್ದಿಯೇ ಇಲ್ಲ. ಟರ್ಮಿನಲ್ ಇಲ್ಲದೆ ಓಡಿದ ರಿಮೋಟ್ ಕಮಾಂಡ್ ಕನೆಕ್ಷನ್ ಹೋದರೂ ಮುಂದುವರಿಯಬಹುದು. ಮುಚ್ಚಿಹೋದ ಪೈಪ್‌ಗೆ (ಔಟ್‌ಪುಟ್ ಹರಿದುಹೋಗುವ ದಾರಿ) ಏನಾದರೂ ಬರೆಯಲು ಹೋದಾಗ ಮಾತ್ರ ಪೆಟ್ಟು ತಿನ್ನುತ್ತದೆ. ನಮ್ಮ ಜಾಬ್ ತನ್ನ ಲಾಗ್ ಅನ್ನು ಅಲ್ಲೇ ಫೈಲ್‌ಗೆ ಬರೆಯುತ್ತಿತ್ತು. ಪೈಪ್ ಮುಟ್ಟುವ ಪ್ರಸಂಗವೇ ಬರಲಿಲ್ಲ.

ಸರಿಯಾದ ಕ್ರಮ ಅಂದರೆ ಎಸ್‌ಎಸ್‌ಎಚ್ ಮೊದಲು, ಟೈಮ್‌ಔಟ್ ಆ ಕಡೆ. ‘ಎಸ್‌ಎಸ್‌ಎಚ್, ಸರ್ವರ್ ಹೆಸರು, ಟೈಮ್‌ಔಟ್ -ಕೆ 30 600, ಜಾಬ್.’ ಈಗ ಗಡಿಯಾರ ಜಾಬ್ ಪಕ್ಕದಲ್ಲೇ ಇದೆ. 600 ಸೆಕೆಂಡ್‌ಗೆ ಟರ್ಮ್ ಸಿಗ್ನಲ್ (‘ಮುಗಿಸು’ ಅನ್ನುವ ಸೂಚನೆ) ಹೋಗುತ್ತದೆ. ಅದಕ್ಕೂ ಜಗ್ಗದಿದ್ದರೆ 30 ಸೆಕೆಂಡ್ ಬಿಟ್ಟು ಕಿಲ್ ಹೋಗುತ್ತದೆ. ಎಸ್‌ಎಸ್‌ಎಚ್ ಆ ಕಡೆಯ ಕೋಡ್ ಅನ್ನು ಹಾಗೆಯೇ ತಂದು ಕೊಡುತ್ತದೆ. 124 ಬಂದರೆ ಸಮಯ ಮುಗಿದು ಟರ್ಮ್ ಹೋಗಿದೆ. 255 ಬಂದರೆ ಬಹುಪಾಲು ಎಸ್‌ಎಸ್‌ಎಚ್ ಕನೆಕ್ಷನ್ನೇ ಕೆಟ್ಟಿದೆ, ಜಾಬ್ ಬಗ್ಗೆ ನಮಗೆ ಏನೂ ತಿಳಿದಿಲ್ಲ. ಈ 255 ಅನ್ನು ‘ಫೇಲ್’ ಅಂತ ವರದಿ ಮಾಡಬೇಡಿ. ‘ತಿಳಿದಿಲ್ಲ’ ಅಂತಲೇ ಬರೆಯಿರಿ.

137 ಬಂದರೆ 128 ಕೂಡಿಸು 9, ಅಂದರೆ ಕಿಲ್ ಸಿಗ್ನಲ್. ಟೈಮ್‌ಔಟ್‌ನ ‘-ಕೆ’ ಕೊಟ್ಟ ಕಿಲ್ ಇರಬಹುದು, ಮೆಮೊರಿ ಸಾಲದೆ ಕರ್ನಲ್ ಕೊಟ್ಟ ಕಿಲ್ ಕೂಡ ಇರಬಹುದು. ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಅಂತ ಹುಡುಕಿ. ಸಿಕ್ಕಿದರೆ ಸಮಯದ ಮಿತಿ ಹೆಚ್ಚಿಸಿ ಏನೂ ಉಪಯೋಗವಿಲ್ಲ. 143 ಅಂದರೆ ಟರ್ಮ್ ಸಿಗ್ನಲ್, ಯಾರೋ ಮರ್ಯಾದೆಯಿಂದ ನಿಲ್ಲಿಸಿದ್ದಾರೆ, ಡಿಪ್ಲಾಯ್‌ಮೆಂಟ್ ಹೊತ್ತಿಗೆ ಇದು ಸಾಮಾನ್ಯ. ಸಿಸ್ಟಂಡಿ ಸರ್ವಿಸ್ ಆದರೆ ‘ಸಿಸ್ಟಂಸಿಟಿಎಲ್ ಶೋ’ ಕೊಟ್ಟು ‘ರಿಸಲ್ಟ್’ ನೋಡಿ. ಟೈಮ್‌ಔಟ್, ವಾಚ್‌ಡಾಗ್ (‘ಬದುಕಿದ್ದೇನೆ’ ಅನ್ನುವ ಸುದ್ದಿ ನಿಂತದ್ದು), ಓಓಎಂ-ಕಿಲ್ (ಮೆಮೊರಿ ಸಾಲದೆ ಬಿದ್ದ ಕಿಲ್), ಸಿಗ್ನಲ್ ಅಂತ ಅದೇ ಬಿಡಿಸಿ ಹೇಳುತ್ತದೆ.

ಇನ್ನೊಂದು ಬಲೆ ಇದೆ. ಜಾಬ್‌ನ ಔಟ್‌ಪುಟ್ ಅನ್ನು ಪೈಪ್ ಹಾಕಿ ‘ಟೀ’ ಕಮಾಂಡ್‌ಗೆ ಕಳಿಸಿ ಲಾಗ್ ಬರೆಯುವ ಅಭ್ಯಾಸ ತುಂಬಾ ಜನರಿಗಿದೆ. ಶೆಲ್ ಆಗ ಕೊಡುವುದು ಕೊನೆಯ ಕಮಾಂಡ್‌ನ ಕೋಡ್, ಅಂದರೆ ಟೀಯದು. ಜಾಬ್ 124 ಅಂತ ಬಿದ್ದರೂ ಟೀ ಖುಷಿಯಾಗಿ 0 ಕೊಡುತ್ತದೆ. ವರದಿಯಲ್ಲಿ ‘ಯಶಸ್ವಿ’ ಅಂತ ಬರುತ್ತದೆ. ಬ್ಯಾಷ್ ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ ‘ಪೈಪ್‌ಫೇಲ್’ ಆನ್ ಮಾಡಿದರೆ ಈ ಸುಳ್ಳು ನಿಲ್ಲುತ್ತದೆ. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಇದನ್ನು ಇವತ್ತೇ ಹುಡುಕಿ ನೋಡಿ.

ನಿಧಾನವೋ, ಸಿಕ್ಕಿಕೊಂಡಿದೆಯೋ?

ಜಾಬ್ ಬದುಕಿದೆ ಅಂತ ಗೊತ್ತಾದರೆ ಕೊಲ್ಲಲು ಅವಸರ ಮಾಡಬೇಡಿ. ಕೊಂದರೆ ಸಾಕ್ಷಿಯೂ ಹೋಗುತ್ತದೆ. ಪೈಥಾನ್ ಆದರೆ ‘ಪೈ-ಸ್ಪೈ ಡಂಪ್’, ಜಾವಾ ಆದರೆ ‘ಜೆಸ್ಟ್ಯಾಕ್’, ಬೇರೆ ಯಾವುದೇ ಆದರೂ ‘ಎಸ್‌ಟ್ರೇಸ್’. ಜಾಬ್ ಈ ಕ್ಷಣ ಏನು ಮಾಡುತ್ತಿದೆ ಅಂತ ಇವು ತೋರಿಸುತ್ತವೆ. 10 ಸೆಕೆಂಡ್ ಅಂತರದಲ್ಲಿ ಎರಡು ಮೂರು ಸಲ ತೆಗೆಯಿರಿ. ಪ್ರತಿ ಸಲವೂ ಅದೇ ಫಂಕ್ಷನ್, ಅದೇ ಸಾಲು, ಸಿಪಿಯು ಬಳಕೆಯೂ ಇಲ್ಲ ಅಂದರೆ ಸಿಕ್ಕಿಕೊಂಡಿದೆ. ಸಾಲುಗಳು ಬದಲಾಗುತ್ತಿದ್ದರೆ ಬರೀ ನಿಧಾನ.

ಸಿಕ್ಕಿಕೊಂಡ ಜಾಬ್ ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್‌ನ ತುದಿ) ಓದುತ್ತಾ ಕೂತಿದ್ದರೆ ಆ ಕಡೆ ಯಾರಿದ್ದಾರೆ ಅಂತ ‘ಎಸ್‌ಎಸ್’ ಕಮಾಂಡ್ ಹೇಳುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆಗಿದ್ದರೆ, ಯಾವ ಸೆಷನ್ ಏನು ಮಾಡುತ್ತಿದೆ ಅಂತ ತೋರಿಸುವ ‘ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ’ ನೋಡಿ. ಕಾಯುವ ಕಾರಣ ‘ಲಾಕ್’ ಅಂತಿದ್ದರೆ ‘ಪಿಜಿ ಬ್ಲಾಕಿಂಗ್ ಪಿಡ್ಸ್’ ಫಂಕ್ಷನ್‌ಗೆ ಆ ಸೆಷನ್‌ನ ಪಿಐಡಿ ಕೊಡಿ. ಯಾರು ಅಡ್ಡ ಕೂತಿದ್ದಾರೆ ಅಂತ ಅವರ ಪಿಐಡಿ ಹಿಡಿದು ತೋರಿಸುತ್ತದೆ. ಎಷ್ಟೋ ಸಲ ಅದು ಯಾರೋ ಹಗಲಲ್ಲಿ ಟ್ರಾನ್ಸಾಕ್ಷನ್ ತೆರೆದು ಹಾಗೇ ಬಿಟ್ಟುಹೋದ ಸೆಷನ್ ಆಗಿರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟೇಟ್‌ಮೆಂಟ್ ಟೈಮ್‌ಔಟ್ ಡೀಫಾಲ್ಟ್ 0, ಅಂದರೆ ಮಿತಿಯೇ ಇಲ್ಲ. ನಾವೇ ಇಡಬೇಕು.

ಬೇರೆ ಸರ್ವಿಸ್ ಒಂದನ್ನು ಎಚ್‌ಟಿಟಿಪಿ ಮೂಲಕ ಕರೆಯುವ ಜಾಬ್ ಆದರೆ ಕೋಡ್ ತೆರೆದು ನೋಡಿ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ತನ್ನದೇ ಆದ ಡೀಫಾಲ್ಟ್ ಟೈಮ್‌ಔಟ್ ಇಲ್ಲ. ಕೊಡದಿದ್ದರೆ ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಕೊಟ್ಟರೂ ಅದು ಒಟ್ಟು ಸಮಯದ ಮಿತಿಯಲ್ಲ. ಒಂದು ತುಣುಕು ಬಂದ ಮೇಲೆ ಮುಂದಿನ ತುಣುಕಿಗೆ ಎಷ್ಟು ಕಾಯಬೇಕು ಅನ್ನುವ ಮಿತಿ. ಆ ಕಡೆಯವರು ಸ್ವಲ್ಪ ಸ್ವಲ್ಪವೇ ಕಳಿಸುತ್ತಿದ್ದರೆ 10 ಸೆಕೆಂಡ್ ಮಿತಿ ಇಟ್ಟ ಕರೆಯೂ ಒಂದು ಗಂಟೆ ಓಡಬಹುದು.

ಬರೀ ನಿಧಾನವಾಗಿದ್ದರೆ ಹಳೆಯ ಓಟಗಳ ಅವಧಿ ಬೇಕು. ಯಶಸ್ವಿಯಾದ ಓಟದ ಅವಧಿಯನ್ನೂ ಬರೆದಿಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ಮೂರು ತಿಂಗಳಿಂದ 4 ನಿಮಿಷ, 6 ನಿಮಿಷ, 9 ನಿಮಿಷ ಅಂತ ಏರುತ್ತಾ ಬಂದಿದ್ದರೆ 10 ನಿಮಿಷದ ಮಿತಿಗೆ ತಾಗುವುದು ಮೊದಲೇ ಕಾಣುತ್ತಿತ್ತು ಅಲ್ವಾ?

ಒಂದೇ ಜಾಬ್ ಎರಡು ಸಲ ಓಡಿದರೆ

ಯಾರೂ ಬಟನ್ ಒತ್ತದೆ ಹೀಗಾದರೆ ಕ್ಯೂ ನೋಡಿ. ಪೈಥಾನ್ ಜಾಬ್‌ಗಳನ್ನು ಹಂಚುವ ಸೆಲರಿ ಜೊತೆ ಕ್ಯೂ ಆಗಿ ರೆಡಿಸ್ ಬಳಸಿದರೆ ವಿಸಿಬಿಲಿಟಿ ಟೈಮ್‌ಔಟ್ (ಕೊಟ್ಟ ಜಾಬ್ ಅನ್ನು ಇನ್ನೊಬ್ಬರಿಗೆ ಕೊಡುವ ಮೊದಲು ಕ್ಯೂ ಕಾಯುವ ಹೊತ್ತು) ಡೀಫಾಲ್ಟ್ 1 ಗಂಟೆ. ಜಾಬ್ ಮುಗಿದ ಮೇಲೆ ಅಕ್ನಾಲೆಜ್ ಮಾಡುವ (‘ಆಯಿತು’ ಅಂತ ಕ್ಯೂಗೆ ತಿಳಿಸುವ) ಸೆಟ್ಟಿಂಗ್ ಇದ್ದು, ಜಾಬ್ 1 ಗಂಟೆಗಿಂತ ಜಾಸ್ತಿ ಓಡಿದರೆ ಕ್ಯೂ ಅದನ್ನು ಇನ್ನೊಬ್ಬ ವರ್ಕರ್‌ಗೆ ಕೊಡುತ್ತದೆ. ಅಮೆಜಾನ್‌ನ ಕ್ಯೂ ಸೇವೆ ಎಸ್‌ಕ್ಯೂಎಸ್‌ನಲ್ಲಿ ಡೀಫಾಲ್ಟ್ ಬರೀ 30 ಸೆಕೆಂಡ್, ಗರಿಷ್ಠ 12 ಗಂಟೆ. ಜಾಬ್‌ನ ಮಿತಿಗಿಂತ ಕ್ಯೂನ ಮಿತಿ ಯಾವಾಗಲೂ ದೊಡ್ಡದಿರಲಿ. ಲಿನಕ್ಸ್‌ನ ಶೆಡ್ಯೂಲರ್ ಕ್ರಾನ್ ಆದರೆ ಹಿಂದಿನ ಓಟ ಮುಗಿದಿದೆಯಾ ಅಂತ ಅದು ನೋಡುವುದೇ ಇಲ್ಲ. ‘ಎಫ್‌ಲಾಕ್ -ಎನ್’ ಹಾಕಿ, ಹಿಂದಿನದು ಲಾಕ್ ಹಿಡಿದಿದ್ದರೆ ಹೊಸದು ಶುರುವಾಗುವುದಿಲ್ಲ. ಲಾಕ್ ಸಿಗದೆ ಬಿಟ್ಟುಹೋದ ಓಟವೂ ವರದಿಗೆ ಬರಬೇಕು ಅನ್ನುವುದನ್ನು ಮರೆಯಬೇಡಿ.

ವರದಿ ಯಾರು ಮಾಡಬೇಕು?

ಕಿಲ್ ಸಿಗ್ನಲ್ ಬಿದ್ದ ಪ್ರಾಸೆಸ್‌ಗೆ ಒಂದು ಸಾಲು ಬರೆಯಲೂ ಅವಕಾಶ ಇರುವುದಿಲ್ಲ. ಮೆಷಿನ್ನೇ ಆಫ್ ಆದರೆ ಅಲ್ಲಿರುವ ಯಾವ ಪ್ರೋಗ್ರಾಂಗೂ ಇರುವುದಿಲ್ಲ. ಹಾಗಾಗಿ ‘ಟೈಮ್‌ಔಟ್ ಆದರೆ ಜಾಬ್ ಮೇಲ್ ಕಳಿಸಲಿ’ ಅನ್ನುವ ಏರ್ಪಾಡು ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಸೆಲರಿಯ ಸಾಫ್ಟ್ ಲಿಮಿಟ್ ಥರದ್ದು ಒಳ್ಳೆಯದೇ. ಅದು ಎಕ್ಸೆಪ್ಷನ್ ಎಬ್ಬಿಸಿ ಜಾಬ್‌ಗೆ ಕೊನೆಯ ಮಾತು ಹೇಳಲು ಬಿಡುತ್ತದೆ. ಆದರೆ ಅದನ್ನೇ ನಂಬಿ ಕೂರಬಾರದು. ನೋಡುವವರು ಬೇರೆ ಇರಬೇಕು, ಬೇರೆ ಮೆಷಿನ್‌ನಲ್ಲಿ ಇರಬೇಕು.

ನಾವು ಕೊನೆಗೆ ಮಾಡಿಕೊಂಡದ್ದು ಒಂದು ಸಣ್ಣ ಟೇಬಲ್. ಪ್ರತಿ ಓಟಕ್ಕೆ ಒಂದು ಓಟದ ಸಂಖ್ಯೆ, ಸರ್ವರ್ ಹೆಸರು, ಶುರುವಾದ ಹೊತ್ತು, ಕೊನೆಯ ಮಿಡಿತ (‘ಬದುಕಿದ್ದೇನೆ’ ಅನ್ನುವ ಗುರುತು), ಎಷ್ಟು ಸಾಲು ಮುಗಿದಿದೆ, ಗಡುವು, ಸ್ಥಿತಿ. ಜಾಬ್ ಪ್ರತಿ 30 ಸೆಕೆಂಡ್‌ಗೆ ಒಂದು ಮಿಡಿತ ಬರೆಯುತ್ತದೆ. ಮೂರು ಮಿಡಿತ ತಪ್ಪಿದರೆ ಕಾವಲು ಪ್ರೋಗ್ರಾಂ ಎಚ್ಚರಿಸುತ್ತದೆ. ಮೊದಲು ಮಿಡಿತವನ್ನು ಪ್ರತ್ಯೇಕ ಥ್ರೆಡ್‌ನಲ್ಲಿ (ಅದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಭಾಗ) ಇಟ್ಟಿದ್ದೆವು. ಅದು ತಪ್ಪಾಯಿತು. ಮುಖ್ಯ ಕೆಲಸ ಲಾಕ್‌ನಲ್ಲಿ ಸಿಕ್ಕಿಕೊಂಡಿದ್ದರೂ ಆ ಥ್ರೆಡ್ ಮಾತ್ರ ಆರೋಗ್ಯವಾಗಿ ಮಿಡಿಯುತ್ತಿತ್ತು. ಈಗ ಕೆಲಸದ ಲೂಪ್ ಒಳಗಿಂದಲೇ ಬರೆಯುತ್ತೇವೆ. ಹೊತ್ತನ್ನೂ ಆಯಾ ಸರ್ವರ್ ಗಡಿಯಾರದಿಂದ ತೆಗೆದುಕೊಳ್ಳುವುದಿಲ್ಲ. ಎಲ್ಲದಕ್ಕೂ ಡೇಟಾಬೇಸ್‌ನ ಒಂದೇ ಗಡಿಯಾರ. ಎರಡು ಸರ್ವರ್‌ಗಳ ನಡುವೆ ಎರಡು ನಿಮಿಷ ಹೆಚ್ಚುಕಡಿಮೆ ಇದ್ದರೆ ಸಾಕು, ಚೆನ್ನಾಗಿರುವ ಜಾಬ್ ಸತ್ತಂತೆ ಕಾಣುತ್ತದೆ.

ಈಗ ಬರುವ ಮೇಲ್ ಹೀಗಿರುತ್ತದೆ: ‘ಓಟ 4182. ಮಿತಿ 600 ಸೆಕೆಂಡ್, ಆಗಿದ್ದು 631. ಕೊನೆಯ ಮಿಡಿತ 95 ಸೆಕೆಂಡ್ ಹಿಂದೆ, ಆಗ ಮುಗಿದಿದ್ದು 18,400 ಸಾಲು. ಎಕ್ಸಿಟ್ ಕೋಡ್ 137. ಕರ್ನಲ್ ಲಾಗ್‌ನಲ್ಲಿ ಮೆಮೊರಿ ಎರರ್ ಇಲ್ಲ. ಪ್ರಾಸೆಸ್ ಸರ್ವರ್‌ನಲ್ಲಿ ಇಲ್ಲ. ಮತ್ತೆ ಓಡಿಸಬಹುದು.’ ಟರ್ಮ್‌ಗೆ ಜಗ್ಗಲಿಲ್ಲ, 30 ಸೆಕೆಂಡ್ ಬಿಟ್ಟು ಕಿಲ್ ಬಿದ್ದಿದೆ ಅಂತ ಓದುವವರಿಗೆ ಅಲ್ಲೇ ತಿಳಿಯುತ್ತದೆ. ಸರಿಯಾಗಿ ಮುಗಿಯದ ಓಟಕ್ಕೆ ಸ್ಥಿತಿಯ ಜಾಗದಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ: ‘ಮಿತಿ ಮೀರಿ ಕೊಲ್ಲಲಾಗಿದೆ’, ‘ಮಿತಿ ಮೀರಿದೆ, ಇನ್ನೂ ಓಡುತ್ತಿದೆ’, ‘ತಿಳಿದಿಲ್ಲ’. ಈ ಮೂರಕ್ಕೂ ಒಂದೇ ‘ಟೈಮ್‌ಔಟ್’ ಪದ ಬಳಸಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ಮೇಲ್ ಓದುವ ಮನುಷ್ಯ ಆ ಹೊತ್ತಲ್ಲಿ ಅರೆನಿದ್ರೆಯಲ್ಲಿರುತ್ತಾನೆ. ಒಂದು ಓಟಕ್ಕೆ ಒಂದೇ ಮೇಲ್ ಹೋಗಲಿ, ನಿಮಿಷಕ್ಕೊಂದು ಬೇಡ.

ಕಾವಲು ಪ್ರೋಗ್ರಾಂ ತಾನೇ ಸತ್ತರೆ? ಅದಕ್ಕೆ ಉಲ್ಟಾ ಏರ್ಪಾಡು ಬೇಕು. ಅದು ಹೊರಗಿನ ಒಂದು ಜಾಗಕ್ಕೆ ಆಗಾಗ ‘ನಾನಿದ್ದೇನೆ’ ಅಂತ ಹೇಳುತ್ತಿರಬೇಕು. ಆ ಮಾತು ನಿಂತಾಗ ಹೊರಗಿನವರು ನಿಮ್ಮನ್ನು ಎಬ್ಬಿಸಬೇಕು. ಹೆಲ್ತ್‌ಚೆಕ್ಸ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದನ್ನೇ ಮಾಡುತ್ತದೆ.

ಕೆಡಿಸಿ ನೋಡಿ

ಇಷ್ಟೆಲ್ಲ ಹಾಕಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ಟೆಸ್ಟ್ ಸರ್ವರ್‌ನಲ್ಲಿ ಜಾಬ್ ಜಾಗದಲ್ಲಿ ‘ಸ್ಲೀಪ್ 60’ ಇಟ್ಟು ಮಿತಿ 5 ಸೆಕೆಂಡ್ ಮಾಡಿ. 124 ವರದಿಯವರೆಗೆ ಬಂತಾ? ಓಡುತ್ತಿರುವ ಜಾಬ್‌ಗೆ ‘ಕಿಲ್ -9’ ಕೊಡಿ. 137 ಬಂತಾ? ಫೈರ್‌ವಾಲ್‌ನಲ್ಲಿ ಎಸ್‌ಎಸ್‌ಎಚ್ ಪ್ಯಾಕೆಟ್‌ಗಳನ್ನು ಬೀಳಿಸಿ. ‘ತಿಳಿದಿಲ್ಲ’ ಅಂತ ಬಂತಾ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ‘ಕಿಲ್ -ಸ್ಟಾಪ್’. ಪ್ರಾಸೆಸ್ ಬದುಕಿರುತ್ತದೆ, ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ನಿಜವಾಗಿ ಸಿಕ್ಕಿಕೊಂಡ ಜಾಬ್ ಹೇಗಿರುತ್ತದೋ ಹಾಗೇ. 90 ಸೆಕೆಂಡ್ ಕಾದು, ಎಚ್ಚರಿಕೆ ಬಂದ ಮೇಲೆ, ಹೊಸ ಓಟ ಶುರು ಮಾಡಿ. ಆಮೇಲೆ ಹಳೆಯದಕ್ಕೆ ‘ಕಿಲ್ -ಕಂಟ್’ ಕೊಟ್ಟು ಎಬ್ಬಿಸಿ. ಮೊದಲ ಸಲ ನಾವು ಹೀಗೆ ಮಾಡಿದಾಗ ಹಳೆಯ ಓಟ ಎದ್ದು, ಏನೂ ಆಗಿಲ್ಲ ಅನ್ನುವಂತೆ ಉಳಿದ ಸಾಲುಗಳನ್ನೂ ಬರೆದು, ತನ್ನ ಸ್ಥಿತಿಯನ್ನು ‘ಯಶಸ್ವಿ’ ಅಂತ ತಿದ್ದಿಕೊಂಡಿತು. ಅದೇ ಹಳೆಯ ತಪ್ಪು, ಬೇರೆ ದಾರಿಯಿಂದ. ಈಗ ಪ್ರತಿ ಬ್ಯಾಚ್ ಬರೆಯುವ ಟ್ರಾನ್ಸಾಕ್ಷನ್ ಒಳಗೇ ಜಾಬ್ ತನ್ನ ಓಟದ ಸಂಖ್ಯೆಯ ಸಾಲನ್ನು ಲಾಕ್ ಮಾಡಿ ಓದುತ್ತದೆ. ಅಲ್ಲಿ ‘ಓಡುತ್ತಿದೆ’ ಅನ್ನುವುದು ಬಿಟ್ಟು ಬೇರೇನಾದರೂ ಇದ್ದರೆ ಏನೂ ಬರೆಯದೆ ರೋಲ್‌ಬ್ಯಾಕ್ ಮಾಡಿ (ಆ ಟ್ರಾನ್ಸಾಕ್ಷನ್ ಅನ್ನು ರದ್ದು ಮಾಡಿ) ಹೊರಟುಹೋಗುತ್ತದೆ.